ಮಾನಸಿಕ ಹಾಗೂ ಸಾಮಾಜಿಕ ಆರೋಗ್ಯ ಸೇವೆಗಳ ಉನ್ನತ ವ್ಯಾಸಂಗ: ಬಳ್ಳಾರಿಯ ಅನುಭವದ ಹಿನ್ನೆಲೆಯಲ್ಲಿ

(ಗ್ರಾಮ ಪಂಚಾಯಿತಿ ಪ್ರತಿನಿಧಿಗಳು, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಲಾಗಿದ್ದ ಮಾಹಿತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಭಾರತದ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆಯನ್ನು ಬರೆಯುವ ಯಾರೇ ಆಗಲಿ, ಬಳ್ಳಾರಿಯ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಗಣಿ, ಜೀನ್ಸ್ ಮತ್ತು ಬಿಸಿಲಿಗೆ ಹೆಸರಾದ ಈ ಜಿಲ್ಲೆ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಬೇರೊಂದು ಕಾರಣಕ್ಕೆ ನೆಲೆಸಿದೆ ಎಂಬುದು ಜಿಲ್ಲೆಯವರಿಗೇ ಅಷ್ಟಾಗಿ ತಿಳಿದಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರಾಜ್ಯ ಸರ್ಕಾರದ ಜೊತೆಗೂಡಿ ಇಲ್ಲಿ ಒಂದು ಪ್ರಯೋಗ ನಡೆಸಿತು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳೂ ಅದರಲ್ಲಿದ್ದವು. ಪ್ರಯೋಗದ ಪ್ರಶ್ನೆ ಸರಳವಾಗಿತ್ತು: ಮಾನಸಿಕ ಕಾಯಿಲೆಯವರು ಬೆಂಗಳೂರಿಗೋ ಧಾರವಾಡಕ್ಕೋ ಹೋಗುವ ಬದಲು, ತಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಚಿಕಿತ್ಸೆ ಪಡೆಯಲು ಸಾಧ್ಯವೇ?

ಅದಕ್ಕೂ ಹತ್ತು ವರ್ಷ ಮುಂಚೆ, 1975ರ ಸುಮಾರಿಗೆ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿಯೂ ಹರಿಯಾಣದ ರಾಯಪುರ ರಾಣಿಯಲ್ಲಿಯೂ ಸಣ್ಣ ಪ್ರಮಾಣದ ಯತ್ನಗಳು ಆರಂಭವಾಗಿದ್ದವು. ಕೆಲವು ಹಳ್ಳಿಗಳಲ್ಲಿ ಕೈಗೂಡಿದ್ದು ಇಡೀ ಜಿಲ್ಲೆಯಲ್ಲಿ ಕೈಗೂಡೀತೇ ಎಂಬುದನ್ನು ನೋಡಲು ಆಯ್ಕೆಯಾದದ್ದು ಬಳ್ಳಾರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಊರೂರು ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಲಾಯಿತು. ತೀವ್ರ ಮನೋರೋಗ, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳನ್ನು ಗುರುತಿಸುವುದು, ಕೆಲವೇ ಅಗತ್ಯ ಔಷಧಗಳನ್ನು ಕೇಂದ್ರದಲ್ಲಿಟ್ಟು ಕೊಡುವುದು, ಕಠಿಣ ಪ್ರಕರಣಗಳನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸುವುದು, ಲೆಕ್ಕ ಇಡುವುದು ಇಷ್ಟೇ ಅದರ ವ್ಯವಸ್ಥೆ. ಈ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ನಾಲ್ಕು ಜಿಲ್ಲೆಗಳಲ್ಲಿ ಪ್ರಾರಂಭಿಸಿತು. ಇಂದು ನಮ್ಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಅದು ಜಾರಿಯಲ್ಲಿದೆ.

ಹೀಗೆ ದೇಶಕ್ಕೆ ಮಾದರಿ ಕೊಟ್ಟ ಜಿಲ್ಲೆಯ ಮಕ್ಕಳು ಈ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಓದಲು ಮುಂದೆ ಬರುತ್ತಿದ್ದಾರೆಯೇ ಎಂಬುದು ಇಂದಿನ ಮಾತಿನ ಕೇಂದ್ರ. ಏಕೆಂದರೆ ಔಷಧವನ್ನು ಲಾರಿಯಲ್ಲಿ ತರಿಸಬಹುದು, ಕಟ್ಟಡವನ್ನು ಅನುದಾನದಲ್ಲಿ ಕಟ್ಟಿಸಬಹುದು. ರೋಗಿಯ ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡಬಲ್ಲ, ಓದಿದ ಮನುಷ್ಯನನ್ನು ಮಾತ್ರ ತಯಾರು ಮಾಡಲು ಏಳು ವರ್ಷ ಬೇಕು.

ಈ ಓದಿನ ಬೇರುಗಳು ನಮ್ಮ ನಾಡಿನಲ್ಲಿ ಹಳೆಯವು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗವು 1924ರಲ್ಲಿಯೇ ಆರಂಭವಾಯಿತು. ಅದನ್ನು ಕಟ್ಟಿದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಆ ನಿಲಯಕ್ಕೆ. ಮನಸ್ಸನ್ನು ಅಭ್ಯಾಸ ಮಾಡುವವರು ಪ್ರಯೋಗಾಲಯದಲ್ಲಿ ಮಾತ್ರ ಇರಬೇಕಾಗಿಲ್ಲ, ಜನರ ಕಿವಿಯ ಬಳಿಗೂ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಬೆಂಗಳೂರಿನಲ್ಲಿ 1847ರ ಹೊತ್ತಿಗೆ ಇದ್ದ ‘ಹುಚ್ಚರ ಆಶ್ರಯಾಲಯ’ ಎಂಬರ್ಥದ ಹೆಸರಿನ ಸಂಸ್ಥೆ, 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂದಾಯಿತು. 1946ರ ಭೋರ್ ಸಮಿತಿಯ ಶಿಫಾರಸಿನಂತೆ ಅದೇ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆಸ್ಪತ್ರೆಯ ಹೆಸರು ಬದಲಾದ ಕ್ರಮದಲ್ಲಿಯೇ ಒಂದು ಶತಮಾನದ ವಿಚಾರ ಬದಲಾವಣೆ ಅಡಗಿದೆ: ಕೂಡಿಹಾಕುವ ಜಾಗ ಚಿಕಿತ್ಸೆಯ ಜಾಗವಾಯಿತು, ಚಿಕಿತ್ಸೆಯ ಜಾಗ ಕಲಿಕೆಯ ಜಾಗವೂ ಆಯಿತು.

ಈಗ ವಿದ್ಯಾರ್ಥಿಗಳು ಏನನ್ನು ಓದುತ್ತಾರೆ ಎಂಬುದಕ್ಕೆ ಬರೋಣ. ಪಠ್ಯಕ್ರಮದ ಪಟ್ಟಿ ಓದುವುದಕ್ಕಿಂತ, ಸಮಾಜಕಾರ್ಯದ ತರಗತಿಗಳಲ್ಲಿ ಚರ್ಚೆಗೆ ಇಡುವಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಇದು ಯಾವುದೇ ಒಂದು ನಿಜವಾದ ಮನೆಯಲ್ಲ. ಆದರೆ ಕಾರ್ಯಕರ್ತೆಯರು ತಮ್ಮೂರಿನ ಯಾವುದಾದರೂ ಮನೆಯ ನೆನಪು ಮಾಡಿಕೊಂಡರೆ ಆಶ್ಚರ್ಯವಿಲ್ಲ.

ಮನೆಯ ಹಿರಿಯ ಮಗನಿಗೆ ಇಪ್ಪತ್ತಾರು ವರ್ಷ. ಐ.ಟಿ.ಐ. ಮುಗಿಸಿ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದವನು. ಒಂದು ಬೇಸಿಗೆಯಲ್ಲಿ ನಿದ್ರೆ ಕೆಟ್ಟಿತು. ಜೊತೆಯವರು ತನ್ನ ವಿರುದ್ಧ ಮಾತನಾಡುತ್ತಾರೆ ಎಂದು ಹೇಳತೊಡಗಿದ, ಒಬ್ಬನೇ ನಗತೊಡಗಿದ, ಕೆಲಸ ಬಿಟ್ಟು ಊರಿಗೆ ಬಂದ. ಮನೆಯವರು ಮೊದಲು ದೇವರಿಗೆ ಹೋದರು, ಆಮೇಲೆ ತಾಯತ ಕಟ್ಟಿಸಿದರು, ಆಮೇಲೆ ಗಾಳಿ ಬಿಡಿಸುವವರ ಬಳಿಗೆ ಹೋದರು. ಒಂದೆಕರೆ ಅಡವಿಗೆ ಬಿತ್ತು. ಕೊನೆಗೆ ಯಾರೋ ಹೇಳಿ ದೊಡ್ಡಾಸ್ಪತ್ರೆಗೆ ಹೋದಾಗ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಹುಡುಗ ಚೇತರಿಸಿಕೊಂಡ. ಚೇತರಿಸಿಕೊಂಡನಲ್ಲ ಎಂದು ಮೂರನೆಯ ತಿಂಗಳು ಮಾತ್ರೆ ನಿಲ್ಲಿಸಿದರು. ಆರನೆಯ ತಿಂಗಳಿಗೆ ರೋಗ ಮರಳಿತು, ಮೊದಲಿಗಿಂತ ಜೋರಾಗಿ. ಈಗ ಹಿತ್ತಿಲ ಕೋಣೆಗೆ ಹೊರಗಿನಿಂದ ಚಿಲಕ.

ವಿದ್ಯಾರ್ಥಿಗೆ ಕೇಳುವ ಮೊದಲ ಪ್ರಶ್ನೆ ರೋಗದ ಹೆಸರಲ್ಲ. ಮೂರನೆಯ ತಿಂಗಳಲ್ಲಿ ಮಾತ್ರೆ ನಿಂತದ್ದು ಏಕೆ ಎಂಬುದು. ಉತ್ತರ ಹುಡುಕತೊಡಗಿದರೆ ಇಡೀ ಮನೆ ಬಿಚ್ಚಿಕೊಳ್ಳುತ್ತದೆ. ಆಸ್ಪತ್ರೆಗೆ ಹೋಗಿಬರಲು ಇಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆಯಿಂದ ಹುಡುಗನ ಕೈ ನಡುಗುತ್ತಿತ್ತು, ಮೈ ಭಾರವಾಗಿತ್ತು. ಇದಕ್ಕೂ ಪರಿಹಾರವಿದೆ, ವೈದ್ಯರಿಗೆ ಹೇಳಬೇಕು ಎಂದು ಯಾರೂ ತಿಳಿಸಿರಲಿಲ್ಲ. ತಂಗಿಯ ಸಂಬಂಧ ನೋಡಲು ಬರುವವರಿದ್ದರು. ಮಾತ್ರೆಯ ಡಬ್ಬಿ ಕಣ್ಣಿಗೆ ಬೀಳಬಾರದೆಂದು ತಾಯಿ ಅದನ್ನು ಒಳಗೆ ಬಚ್ಚಿಟ್ಟಳು. ತಾಯಿಯೇ ತಿಂಗಳುಗಟ್ಟಲೆ ನಿದ್ರೆ ಮಾಡಿಲ್ಲ. ಅವಳ ಎದೆಯುರಿ, ತಲೆಸುತ್ತು, ಕೈಕಾಲು ಜೋಮು ಯಾವ ಲೆಕ್ಕಕ್ಕೂ ಬಂದಿಲ್ಲ. ತಂದೆ ಕುಡಿತ ಹೆಚ್ಚಿಸಿಕೊಂಡಿದ್ದಾನೆ. ಸಾಲದ ಬಡ್ಡಿ ಬೆಳೆಯುತ್ತಿದೆ.

ಮನೋವೈದ್ಯರು ರೋಗವನ್ನು ನಿರ್ಣಯಿಸಿ ಔಷಧ ಬರೆಯುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಪರೀಕ್ಷೆಗಳ ಮೂಲಕ ಮನಸ್ಸಿನ ಸ್ಥಿತಿಗತಿ ಅಳೆಯುತ್ತಾರೆ, ಮಾತಿನ ಚಿಕಿತ್ಸೆ ನಡೆಸುತ್ತಾರೆ. ಮನೋವೈದ್ಯಕೀಯ ಶುಶ್ರೂಷಕಿಯರು ಔಷಧದ ಪಾಲನೆಯನ್ನೂ ಅಡ್ಡಪರಿಣಾಮವನ್ನೂ ಗಮನಿಸುತ್ತಾರೆ. ಆದರೆ ಬಚ್ಚಿಟ್ಟ ಡಬ್ಬಿ, ಅಡವಿಟ್ಟ ಎಕರೆ, ನಿಂತುಹೋದ ಮದುವೆ ಮಾತು ಇವು ಯಾರ ಪಾಲು? ಮನೋವೈದ್ಯಕೀಯ ಸಮಾಜಕಾರ್ಯ ಎಂಬ ವಿಷಯ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಅದರ ವಿದ್ಯಾರ್ಥಿ ಕುಟುಂಬವನ್ನು ಕೂರಿಸಿ ರೋಗದ ಸ್ವರೂಪ ವಿವರಿಸುತ್ತಾನೆ. ಇದು ಯಾರ ತಪ್ಪೂ ಅಲ್ಲ ಎಂಬ ಮಾತನ್ನು ತಾಯಿಗೆ ನಂಬಿಕೆ ಬರುವವರೆಗೆ ಹೇಳುತ್ತಾನೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಮಾತ್ರೆ ಸಿಗುವಂತೆ ಏರ್ಪಾಡು ಮಾಡುತ್ತಾನೆ. ತಂದೆಯ ಕುಡಿತದ ಚಿಕಿತ್ಸೆಗೂ ದಾರಿ ತೋರುತ್ತಾನೆ. ಹುಡುಗ ಸ್ವಲ್ಪ ಸುಧಾರಿಸಿದ ಮೇಲೆ ಅವನ ಐ.ಟಿ.ಐ. ವಿದ್ಯೆಗೆ ತಕ್ಕ ಅರ್ಧ ದಿನದ ಕೆಲಸ ಹುಡುಕುತ್ತಾನೆ. ಔಷಧದಿಂದ ಹೊರಟುಹೋದ ದನಿಗಳು ಖಾಲಿ ಕುಳಿತವನಿಗೆ ಬೇಗ ಮರಳುತ್ತವೆ ಎಂಬುದು ಪುನರ್ವಸತಿಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು.

ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿಸುವ ಈ ಕ್ರಮ ಹೊರದೇಶದಿಂದ ಬಂದ ಸರಕೆಂದು ತಿಳಿಯಬೇಕಾಗಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ನಡೆಸಿದರು. ಮನೆಯವರು ಜೊತೆಗಿದ್ದ ರೋಗಿ ಬೇಗ ಮನೆಗೆ ಮರಳಿದ. ಮನೆಯವರೂ ರೋಗವೆಂದರೇನೆಂದು ಕಣ್ಣಾರೆ ಕಂಡು ಹೋದರು.

ಹಿತ್ತಿಲ ಕೋಣೆಯ ಚಿಲಕದ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರವಾಡಿಯಲ್ಲಿ, ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರೆತಂದವರು ಅವರ ಮನೆಯವರೇ. ಪ್ರೀತಿಯಿಂದಲೇ, ಗುಣವಾಗಲಿ ಎಂದೇ ತಂದಿದ್ದರು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ಆ ವಿಷಯವನ್ನು ಕೈಗೆತ್ತಿಕೊಂಡಿತು. ಇಂದು ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನೆ ಅಧಿನಿಯಮ, 2017ರ 95ನೇ ಪ್ರಕರಣವು ಮಾನಸಿಕ ಕಾಯಿಲೆಯುಳ್ಳವರಿಗೆ ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. 101ನೇ ಪ್ರಕರಣದ ಮೇರೆಗೆ, ಮನೆಯೊಂದರಲ್ಲಿ ಮಾನಸಿಕ ಕಾಯಿಲೆಯವರನ್ನು ಹಿಂಸಿಸಲಾಗುತ್ತಿದೆ ಅಥವಾ ಅಲಕ್ಷಿಸಲಾಗಿದೆ ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಅದನ್ನು ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. 18ನೇ ಪ್ರಕರಣವು ಚಿಕಿತ್ಸೆಯನ್ನು ಹಕ್ಕನ್ನಾಗಿಸಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೂ ನಿರ್ಗತಿಕರಿಗೂ ಅದು ಉಚಿತ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಅವರಿಗೆ ಆರೈಕೆ ನೀಡುವುದು ಸರ್ಕಾರದ ಹೊಣೆ ಎಂದು 115ನೇ ಪ್ರಕರಣ ಹೇಳುತ್ತದೆ. ಮೊದಲು ಮೊಕದ್ದಮೆಯ ಭಯದಿಂದ ವಿಷ ಕುಡಿದವರನ್ನೂ ಆಸ್ಪತ್ರೆಗೆ ಒಯ್ಯಲು ಹಿಂಜರಿಯುತ್ತಿದ್ದ ಮನೆಗಳಿದ್ದವು. ಕಾನೂನು ಬದಲಾಗಿದೆ, ಹಿಂಜರಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಆದರೂ ಹಿತ್ತಿಲ ಕೋಣೆಯ ಮನೆಗೆ ಮೊದಲು ಹೋಗಬೇಕಾದವರು ಪೊಲೀಸರಲ್ಲ. ತಾಯಿ ಚಿಲಕ ಹಾಕಿದ್ದು ಬೇರೆ ದಾರಿ ತೋರದೆ. ಬೇರೆ ದಾರಿ ತೋರಿಸಬಲ್ಲವರು ಹೋದರೆ ಚಿಲಕ ತಾನಾಗಿಯೇ ತೆರೆಯುವ ಸಂಭವ ಹೆಚ್ಚು. ಕಾನೂನನ್ನು ಯಾವಾಗ ಮುಂದಿಡಬೇಕು, ಯಾವಾಗ ಬೆನ್ನ ಹಿಂದೆ ಇಟ್ಟುಕೊಂಡು ಮಾತನಾಡಬೇಕು ಎಂಬ ವಿವೇಕವನ್ನು ಕಲಿಸುವುದೇ ಕ್ಷೇತ್ರಕಾರ್ಯದ ಉದ್ದೇಶ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಯಿತು. ಅದನ್ನು ನಡೆಸಿದ್ದು ನಿಮ್ಹಾನ್ಸ್. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರವರೆಗೆ ಇತ್ತು. ಮೊದಲ ಅಂಕಿಗಿಂತ ಎರಡನೆಯದೇ ಹೆಚ್ಚು ಚಿಂತೆಗೆ ಕಾರಣ. ಕಾಯಿಲೆ ಎಲ್ಲ ದೇಶಗಳಲ್ಲಿಯೂ ಇದೆ. ಚಿಕಿತ್ಸೆ ತಲುಪದಿರುವುದು ನಮ್ಮ ಕೊರತೆ.

ವಿದ್ಯಾರ್ಥಿಗಳು ಕೇಳಬೇಕಾದ ವ್ಯಾವಹಾರಿಕ ಪ್ರಶ್ನೆಗಳು ಹಲವು. ಸಮಾಜಕಾರ್ಯದ ದಾರಿ ಹೀಗಿದೆ: ಯಾವುದೇ ಪದವಿಯ ನಂತರ ಎರಡು ವರ್ಷಗಳ ಸ್ನಾತಕೋತ್ತರ ಸಮಾಜಕಾರ್ಯ, ಅಂದರೆ ಎಂ.ಎಸ್.ಡಬ್ಲ್ಯೂ. ಇದರಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ತರಗತಿಯ ಜೊತೆಜೊತೆಗೇ ವಾರದ ಕೆಲವು ದಿನ ಕ್ಷೇತ್ರಕಾರ್ಯ ಕಡ್ಡಾಯ. ಆದರೆ 2017ರ ಅಧಿನಿಯಮದ ಅರ್ಥದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎನ್ನಿಸಿಕೊಳ್ಳಲು ಅಷ್ಟು ಸಾಲದು. ಅದರ ಮೇಲೆ ಎರಡು ವರ್ಷಗಳ ಪೂರ್ಣಕಾಲಿಕ ಎಂ.ಫಿಲ್. ಇರಬೇಕು, ಅದರಲ್ಲಿ ಮಾರ್ಗದರ್ಶಕರ ಕೈಕೆಳಗೆ ರೋಗಿಗಳೊಡನೆ ತರಬೇತಿಯೂ ಸೇರಿರಬೇಕು. ಚಿಕಿತ್ಸಾ ಮನಃಶಾಸ್ತ್ರಕ್ಕೂ ಹೀಗೆಯೇ ಮನಃಶಾಸ್ತ್ರದ ಸ್ನಾತಕೋತ್ತರ ಪದವಿ, ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ತರಬೇತಿ. ಶುಶ್ರೂಷೆಯ ಪದವಿ ಪಡೆದವರು ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಮುಂದುವರಿಯಬಹುದು, ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಮನೋವೈದ್ಯಶಾಸ್ತ್ರದ ಮೂರು ವರ್ಷದ ಎಂ.ಡಿ. ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಚಿಕಿತ್ಸಾ ಮನಃಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಇವೆರಡಕ್ಕೆ ಮಾತ್ರ ನಂತರ ವಿನಾಯಿತಿ ನೀಡಿ, 2025-26ನೇ ಸಾಲಿನವರೆಗೆ ಮಾನ್ಯತೆಯನ್ನು ವಿಸ್ತರಿಸಿತು. ಇನ್ನೊಂದೆಡೆ 2021ರ ರಾಷ್ಟ್ರೀಯ ಸಹವರ್ತಿ ಹಾಗೂ ಆರೋಗ್ಯ ಪಾಲನಾ ವೃತ್ತಿಗಳ ಆಯೋಗದ ಅಧಿನಿಯಮವು ಮನೋವೈದ್ಯಕೀಯ ಹಾಗೂ ವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಅಂದರೆ ಪದವಿಯ ಹೆಸರು, ನೋಂದಣಿಯ ಕ್ರಮ ಎಲ್ಲವೂ ಬದಲಾವಣೆಯ ಹಂತದಲ್ಲಿವೆ. ಈಗ ಪದವಿಯಲ್ಲಿರುವ ವಿದ್ಯಾರ್ಥಿಯು ಪ್ರವೇಶ ಪಡೆಯುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ತಿಳಿದುಕೊಂಡೇ ಶುಲ್ಕ ಕಟ್ಟುವುದು ಕ್ಷೇಮ. ವಾರಾಂತ್ಯದ ಕೆಲವು ತರಗತಿಗಳಲ್ಲಿ ಆಪ್ತಸಮಾಲೋಚಕರನ್ನು ತಯಾರು ಮಾಡುತ್ತೇವೆಂಬ ಜಾಹೀರಾತುಗಳು ಹೆಚ್ಚಾಗಿವೆ. ಕೇಳುವ ಕಲೆ ಕಲಿಯಲು ಅವು ಸ್ವಲ್ಪ ನೆರವಾಗಬಹುದು; ತೀವ್ರ ಮನೋರೋಗಿಯ ಜವಾಬ್ದಾರಿ ಹೊರುವ ಅರ್ಹತೆ ಅವುಗಳಿಂದ ಬರುವುದಿಲ್ಲ.

ಲೆಕ್ಕ ಹಾಕಿದರೆ ಪಿ.ಯು.ಸಿ. ನಂತರ ಮೂರು, ಎರಡು, ಎರಡು, ಒಟ್ಟು ಏಳು ವರ್ಷ. ಇಷ್ಟು ಓದಿದ ಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ದೊರೆಯುವ ಹುದ್ದೆಗಳು ಬಹುಪಾಲು ಗುತ್ತಿಗೆಯವು. ಈ ಸತ್ಯವನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನ್ಯಾಯವಲ್ಲ. ಕೂಲಿ ಮಾಡುವ ತಂದೆಯೊಬ್ಬ ಮಗಳನ್ನು ಏಳು ವರ್ಷ ಓದಿಸಿ, ಅವಳಿಗೆ ವರ್ಷ ವರ್ಷ ನವೀಕರಿಸುವ ಆದೇಶಪತ್ರ ಸಿಕ್ಕಾಗ ಏನೆಂದುಕೊಂಡಾನು? ವಿದ್ಯೆ ಪಡೆದವರು ನಗರದ ಖಾಸಗಿ ಆಸ್ಪತ್ರೆಗೋ ಹೊರದೇಶಕ್ಕೋ ಹೋಗುತ್ತಾರೆಂದು ಆಮೇಲೆ ದೂರುವುದರಲ್ಲಿ ಅರ್ಥವಿಲ್ಲ. ಈ ಹುದ್ದೆಗಳನ್ನು ಕಾಯಂಗೊಳಿಸುವ ಪ್ರಶ್ನೆ ಜನಪ್ರತಿನಿಧಿಗಳ ಸಭೆಗಳಲ್ಲಿ ಚರ್ಚೆಯಾಗಬೇಕಾದದ್ದು. ಕುಡಿಯುವ ನೀರು, ರಸ್ತೆಗಳ ನಡುವೆ ಅದಕ್ಕೂ ಒಂದು ಸಾಲು ಸಿಗಲಿ. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯ ಮೇರೆಗೆ ಪ್ರವೇಶದಲ್ಲಿಯೂ ನೇಮಕಾತಿಯಲ್ಲಿಯೂ ಮೀಸಲಾತಿ ಇದೆ. ಅರ್ಹತಾ ಪ್ರಮಾಣಪತ್ರವನ್ನು ಕೊನೆಯ ವಾರದಲ್ಲಿ ಹುಡುಕುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ನಮ್ಮ ಹಳ್ಳಿಯ ವಿದ್ಯಾರ್ಥಿಗಳಿಗೆ ಒಂದು ಬಂಡವಾಳವಿದೆ, ಅದನ್ನು ಅವರೇ ಕೊರತೆ ಎಂದುಕೊಂಡಿರುತ್ತಾರೆ. ಪುಸ್ತಕಗಳು ಇಂಗ್ಲಿಷಿನಲ್ಲಿವೆ ಎಂದು ಕನ್ನಡ ಮಾಧ್ಯಮದವರು ಹಿಂಜರಿಯುತ್ತಾರೆ. ಆದರೆ ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ‘ಖಿನ್ನತೆ’ ಎಂಬ ಪದವನ್ನೂ ಸಿರುಗುಪ್ಪದ ರೈತ ಬಳಸುವುದಿಲ್ಲ. ‘ಯಾಕೋ ಮನಸಿಗೆ ಬ್ಯಾಸರ’, ‘ಊಟ ಸೇರವಲ್ದು’, ‘ಜೀವಾನೇ ಬ್ಯಾಡ ಅನಸೈತಿ’ ಎನ್ನುತ್ತಾನೆ. ಕೊನೆಯ ಮಾತನ್ನು ಬರಿಯ ಬೇಸರದ ಮಾತೆಂದು ಬಿಡಬೇಕೋ, ಅಂದೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಬೇಕೋ ಎಂಬುದು ದನಿಯ ಏರಿಳಿತ ಬಲ್ಲವರಿಗೆ ತಿಳಿಯುತ್ತದೆ. ಗಡಿ ಹಳ್ಳಿಗಳ ತೆಲುಗು, ಪೇಟೆಯ ಉರ್ದು, ತಾಂಡಾಗಳ ಲಂಬಾಣಿ ಮಾತು ಬಲ್ಲ ವಿದ್ಯಾರ್ಥಿ ಅನುವಾದಕರಿಲ್ಲದೆ ಮನೆಯೊಳಗೆ ಹೋಗಬಲ್ಲ. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿಯೇ ಬಹಳಷ್ಟು ಪುಸ್ತಕಗಳನ್ನು ಬರೆದು, ಈ ವಿಷಯವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಲು ಸಾಧ್ಯ ಎಂಬುದನ್ನು ತೋರಿಸಿಕೊಟ್ಟಿದ್ದಾರೆ. ಪದವಿಗೆ ಸೇರುವ ಮುನ್ನ ಅವುಗಳಲ್ಲಿ ಒಂದೆರಡನ್ನು ಓದಿದರೆ ವಿಷಯ ತನಗೆ ಒಗ್ಗುವುದೇ ಎಂಬುದು ತಿಳಿದೀತು. ಎಲ್ಲರಿಗೂ ಒಗ್ಗುವ ಕೆಲಸ ಇದಲ್ಲ ಎಂಬುದನ್ನೂ ಹೇಳಬೇಕು. ದಿನವಿಡೀ ಪರರ ದುಃಖ ಕೇಳಿ ಮನೆಗೆ ಬಂದು ಊಟ ಮಾಡಿ ಮಲಗುವುದನ್ನೂ ಕಲಿಯಬೇಕಾಗುತ್ತದೆ.

ಪಂಚಾಯಿತಿಗಳ ಪಾಲು ಇಲ್ಲಿ ಸಣ್ಣದಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಗುರುತಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ 40 ಅಥವಾ ಅದಕ್ಕೂ ಹೆಚ್ಚಿನ ಅಂಗವಿಕಲತೆ ಎಂದು ವೈದ್ಯರು ಪ್ರಮಾಣೀಕರಿಸಿದರೆ ಗುರುತಿನ ಚೀಟಿ, ಮಾಸಾಶನ ಮುಂತಾದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಕಾಲು ಇಲ್ಲದವರಿಗೆ ಚೀಟಿ ಮಾಡಿಸಬೇಕೆಂದು ಊರಿಗೆ ಗೊತ್ತು. ಕೋಣೆಯಲ್ಲಿ ಕುಳಿತ ಹುಡುಗನಿಗೂ ಮಾಡಿಸಬಹುದೆಂಬುದು ಗೊತ್ತಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಮ್ಮ ಪಟ್ಟಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಒಳ್ಳೆಯದು. ರಾತ್ರಿ ಹೊತ್ತು, ಯಾರನ್ನು ಕೇಳಬೇಕೆಂದು ತೋಚದಾಗ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಎಂಬ ಈ ಸರ್ಕಾರಿ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಉತ್ತರಿಸುತ್ತಾರೆ, ಶುಲ್ಕವಿಲ್ಲ. ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಈ ಐದು ಅಂಕಿಗಳನ್ನು ಬರೆಸಲು ಯಾವ ಅನುಮೋದನೆಗೂ ಕಾಯಬೇಕಾಗಿಲ್ಲ.

ಕೊನೆಯದಾಗಿ, ಸಮಾಜಕಾರ್ಯ ವಿಭಾಗಗಳ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಪಂಚಾಯಿತಿ ಕಚೇರಿಗೆ ಬಂದಾಗ, ಅವರನ್ನು ಕಡತ ಜೋಡಿಸಲು, ಪ್ರತಿ ತೆಗೆಸಲು ಹಚ್ಚುವ ರೂಢಿ ಅಲ್ಲಲ್ಲಿ ಇದೆ. ಅದನ್ನು ಬಿಡುವುದು ಒಳ್ಳೆಯದು. ಕುಳಿತುಕೊಳ್ಳಲು ಒಂದು ಮೇಜು ಕೊಟ್ಟು, ಮೊದಲ ವಾರ ಆಶಾ ಕಾರ್ಯಕರ್ತೆಯ ಜೊತೆ ಮನೆಭೇಟಿಗೆ ಕಳುಹಿಸಿ, ಯಾವ ಯಾವ ಮನೆಯಲ್ಲಿ ಮೂರನೆಯ ತಿಂಗಳಿಗೆ ಮಾತ್ರೆ ನಿಂತಿದೆ ಎಂಬುದನ್ನು ವಿಚಾರಿಸಿ ಬರಲು ಹೇಳಿದರೆ ಸಾಕು. ಮನೆಯವರು ಹೇಳಿದ್ದು ಗೋಪ್ಯವಾಗಿ ಉಳಿಯಬೇಕು. ಹೆಸರುಗಳು ಸಭೆಯಲ್ಲಿ ಓದುವುದಕ್ಕಲ್ಲ, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಮೇಜಿಗೆ ಮಾತ್ರ ಹೋಗತಕ್ಕದ್ದು.